ಕಪ್ಪತಗುಡ್ಡದ ಗಾಳಿ ಮತ್ತು ಕಂಪ್ಯೂಟರ್ ಸಹಾಯಕ

ಗದಗ-ಬೆಟಗೇರಿಯಿಂದ ಮುಂಡರಗಿಯತ್ತ ಹೊರಟರೆ ಕಪ್ಪತಗುಡ್ಡದ ಸಾಲಿನಲ್ಲಿ ಬಿಳಿಯ ಗಾಳಿಯಂತ್ರಗಳು ಕಾಣುತ್ತವೆ. ಶಿರಹಟ್ಟಿ, ಲಕ್ಷ್ಮೇಶ್ವರದ ಮಕ್ಕಳಿಗೂ ಅವು ಹೊಸತಲ್ಲ. ಮುಂಗಾರಿನಲ್ಲಿ ಬಿರುಸಾಗಿ ತಿರುಗುವ ಆ ರೆಕ್ಕೆಗಳು ಗಾಳಿ ನಿಂತೊಡನೆ ತಾವೂ ನಿಲ್ಲುತ್ತವೆ. ಆದರೂ ಮನೆಯ ದೀಪ ಉರಿಯುತ್ತಲೇ ಇರುತ್ತದಲ್ಲ, ಹೇಗೆ?

ವಿದ್ಯುಜ್ಜಾಲದಿಂದ. ಎಲ್ಲೆಲ್ಲಿಯೋ ಇರುವ ವಿದ್ಯುತ್ ಕೇಂದ್ರಗಳು ಒಂದೇ ಲಯದಲ್ಲಿ, ಸೆಕೆಂಡಿಗೆ 50 ಆವರ್ತನದಂತೆ ದುಡಿಯುತ್ತವೆ. ಬಳಕೆ ಹೆಚ್ಚಿ ಉತ್ಪಾದನೆ ಸಾಲದಾದರೆ ಲಯ ತಗ್ಗುತ್ತದೆ; ಭಾರದ ಚಕ್ಕಡಿ ಏರಿಗೆ ಬಂದಾಗ ಎತ್ತುಗಳ ನಡಿಗೆ ನಿಧಾನವಾಗುವಂತೆ.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಜಾಲ ಕುಸಿಯಿತು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ಭಾಗಗಳೂ ಸೇರಿ ಸುಮಾರು 60 ಕೋಟಿ ಜನರಿರುವ ಪ್ರದೇಶಕ್ಕೆ ವಿದ್ಯುತ್ತಿಲ್ಲವಾಯಿತು. ದಕ್ಷಿಣ ಪಾರಾಯಿತು. ನಮ್ಮ ಜಾಲ ಆಗಿನ್ನೂ ಉತ್ತರದ ಲಯಕ್ಕೆ ಸೇರಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರದ 765 ಕಿಲೋವೋಲ್ಟ್ ಮಾರ್ಗ ಎರಡನ್ನೂ ಬೆಸೆಯಿತು. ಕೊರತೆಯಲ್ಲಿ ನೆರವು ಬಂತು, ಜೊತೆಗೆ ಅಲ್ಲಿಯ ಏರುಪೇರೂ ಬಂತು.

ಆದ್ದರಿಂದಲೇ ಎಂಜಿನಿಯರರು ಮುಂಚಿತವಾಗಿ ಲೆಕ್ಕ ಹಾಕಿಡುತ್ತಾರೆ. ಈ ಮಾರ್ಗ ಕಡಿದರೆ? ಆ ಟ್ರಾನ್ಸ್‌ಫಾರ್ಮರ್ ಕೆಟ್ಟರೆ? ಉಳಿದವು ಭಾರ ತಾಳುವವೇ? ಗುಣಾಕಾರ-ಭಾಗಾಕಾರವನ್ನು ಕಂಪ್ಯೂಟರ್ ಎಂದೋ ವಹಿಸಿಕೊಂಡಿದೆ. ಮಾಹಿತಿ ಹೊಂದಿಸಿಕೊಡುವುದು, ನೂರಾರು ಸನ್ನಿವೇಶಗಳನ್ನು ಓಡಿಸುವುದು, ಫಲಿತಾಂಶ ಓದಿ ವರದಿ ಬರೆಯುವುದು ಮಾತ್ರ ಮನುಷ್ಯರ ಪಾಲಿಗೆ ಉಳಿದ ಬೇಸರದ ಕೆಲಸ.

ಇದನ್ನೀಗ 'ಭಾಷಾ ಮಾದರಿ ಏಜೆಂಟ್'ಗೆ ಒಪ್ಪಿಸುವ ಪ್ರಯೋಗಗಳು ನಡೆದಿವೆ. ಚಾಟ್‌ಜಿಪಿಟಿಯ ಜಾತಿಯದೇ ಯಂತ್ರವಿದು. ಆದರೆ ಉತ್ತರ ಬರೆದು ಸುಮ್ಮನಾಗುವುದಿಲ್ಲ. "ಈ ಮಾರ್ಗ ತೆಗೆದು ನೋಡು" ಎಂದರೆ ಕೆಲಸವನ್ನು ಹಂತಗಳಾಗಿ ಬಿಡಿಸಿ, ಲೆಕ್ಕದ ತಂತ್ರಾಂಶವನ್ನು ತಾನೇ ಓಡಿಸಿ, ಬಂದ ಫಲಿತಾಂಶ ನೋಡಿ ಮುಂದಿನ ಹೆಜ್ಜೆ ಇಡುತ್ತದೆ. ಸಂಶೋಧಕರು ಸದ್ಯ ಹೆಚ್ಚಾಗಿ ಮಾದರಿ ಜಾಲಗಳ ಮೇಲೆ ಇದನ್ನು ಪರೀಕ್ಷಿಸುತ್ತಿದ್ದಾರೆ.

ತೊಡಕೂ ಇದೆ. ಮುಂದಿನ ಪದ ಯಾವುದೆಂದು ಊಹಿಸುವುದರಲ್ಲಿ ಪಳಗಿದ ಈ ಯಂತ್ರ ತಪ್ಪು ಅಂಕಿಯನ್ನೂ ಅಷ್ಟೇ ಧೈರ್ಯದಿಂದ ಬರೆದುಬಿಡಬಲ್ಲದು! ಅಂಕಿಗಳು ತಂತ್ರಾಂಶದಿಂದಲೇ ಬರಬೇಕು, ಎಂಜಿನಿಯರ್ ತಾಳೆ ನೋಡಬೇಕು. ಸ್ವಿಚ್ಚನ್ನಂತೂ ಅದರ ಕೈಗೆ ಕೊಡುವಂತಿಲ್ಲ. ಇನ್ನು, ಏನನ್ನು ಪರೀಕ್ಷಿಸಬೇಕೆಂದು ಹೇಳುವವರು ಯಾರು? 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್‌ಗಳ ಜಾಲ ಕುಸಿದದ್ದು ವಿದ್ಯುತ್ತಿನ ಕೊರತೆಯಿಂದಲ್ಲ, ವೋಲ್ಟೇಜ್ ಮಿತಿಮೀರಿ ಏರಿದ್ದರಿಂದ. ಹಳೆಯ ಪ್ರಶ್ನೆಗಳನ್ನಷ್ಟೇ ಒಪ್ಪಿಸಿದರೆ ಯಂತ್ರ ಅವನ್ನಷ್ಟೇ ಬೇಗ ಮುಗಿಸಿಕೊಡುತ್ತದೆ.

ಈ ದಾರಿ ಹಿಡಿಯಬಯಸುವ ಮಕ್ಕಳು ಪಿಯುಸಿಯ ಪರ್ಯಾಯ ವಿದ್ಯುತ್ತಿನ ಪಾಠವನ್ನು ಬಾಯಿಪಾಠ ಮಾಡಿ ದಾಟಿಸಬಾರದು. ಮುಂದೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದರೆ ಬೆಂಗಳೂರಿನ ಲೋಡ್ ಡಿಸ್‌ಪ್ಯಾಚ್ ಕೇಂದ್ರದಂಥ ಕಡೆ ಕೆಲಸವಿದೆ. ಅಲ್ಲಿ ಹಗಲಿರುಳು ಪಾಳಿಯ ಮೇಲೆ ಕಾಯುವುದು ಅದೇ 50ರ ಅಂಕಿಯನ್ನು.