ಮೂಳೆಗೊಂದು ಚಪ್ಪರ

ನಾದಿನಿಯ ಮಗ ನಮ್ಮ ನಿಜಲಿಂಗಪ್ಪ ಬಡಾವಣೆಯ ಮನೆಯಲ್ಲಿ ಮೂರು ತಿಂಗಳು ಮಲಗಿದ್ದ. ಹರಿಹರದಿಂದ ಬೈಕಿನಲ್ಲಿ ಬರುವಾಗ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮುರಿದಿತ್ತು. ಬರೀ ಮುರಿದಿದ್ದರೆ ರಾಡು ಹಾಕಿ ಕೂಡಿಸುತ್ತಿದ್ದರು. ಇವನದು ನಡುವೆ ಒಂದಿಷ್ಟು ಮೂಳೆಯೇ ಚೂರಾಗಿ ಹೋಗಿತ್ತು. ಆ ಜಾಗ ತುಂಬಲು ಡಾಕ್ಟರು ಅವನದೇ ಸೊಂಟದ ಮೂಳೆಯಿಂದ ಸ್ವಲ್ಪ ಕೆತ್ತಿ ತೆಗೆದು ಹಾಕಿದರು. “ಅತ್ತೆ, ಕಾಲಿಗಿಂತ ಸೊಂಟಾನೇ ಜಾಸ್ತಿ ನೋಯ್ತೈತಿ” ಅಂತ ಹುಡುಗ ರಾತ್ರಿಯೆಲ್ಲ ನರಳುತ್ತಿದ್ದ. ಒಂದು ಕಡೆ ಸರಿಮಾಡಲು ಇನ್ನೊಂದು ಕಡೆ ಗಾಯ ಮಾಡಲೇಬೇಕೇ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓದಿ ತಿಳಿದುಕೊಂಡಷ್ಟನ್ನು ನಿಮಗೂ ಹೇಳುತ್ತೇನೆ.

ಮೂಳೆ ಅಂದರೆ ಕಲ್ಲಲ್ಲ, ಅದು ಬೆಳೆಯುವ ವಸ್ತು. ಒಳಗೆ ನಾರಿನಂಥ ಎಳೆಗಳು, ಎಳೆಗಳ ಮೇಲೆ ಸುಣ್ಣದ ಅಂಶ. ಸಣ್ಣ ಬಿರುಕನ್ನು ತಾನೇ ಬೆಸೆದುಕೊಳ್ಳುತ್ತದೆ. ಅಂತರ ದೊಡ್ಡದಾದರೆ ಮಾತ್ರ ಜೀವಕೋಶಗಳಿಗೆ ಹತ್ತಿಕೊಳ್ಳಲು ಏನೂ ಸಿಗುವುದಿಲ್ಲ. ಹಿತ್ತಲಿನ ಹೀರೇಬಳ್ಳಿಯನ್ನೇ ನೋಡಿ, ಚಪ್ಪರವಿಲ್ಲದಿದ್ದರೆ ನೆಲದ ಮೇಲೇ ಹರಡಿ ಕೊಳೆಯುವುದಿಲ್ಲವೇ? ಮೂಳೆಗೂ ಅಂಥದೊಂದು ಚಪ್ಪರ ಕಟ್ಟಿಕೊಟ್ಟು, ಮೂಳೆ ಬೆಳೆದ ಮೇಲೆ ಚಪ್ಪರ ತಾನಾಗಿ ಕರಗಿಹೋಗುವಂತೆ ಮಾಡಬೇಕು ಎಂಬುದೇ ವಿಜ್ಞಾನಿಗಳ ಲೆಕ್ಕ.

ಅದಕ್ಕೆ ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪ್ಲಾಸ್ಟಿಕ್ ಬಳಸುತ್ತಾರೆ. (ಹೆಸರು ಹೇಳಲು ನನಗೆ ಎರಡು ದಿನ ಬೇಕಾಯಿತು!) ಇದು ದೇಹದಲ್ಲಿ ನಿಧಾನವಾಗಿ, ಎರಡು ಮೂರು ವರ್ಷಗಳಲ್ಲಿ ಕರಗುತ್ತದೆ. ಜಾತ್ರೆಯಲ್ಲಿ ಬಾಂಬೆ ಮಿಠಾಯಿ ಎಳೆಯುವುದನ್ನು ಕಂಡಿದ್ದೀರಲ್ಲ? ಅಲ್ಲಿ ತಿರುಗುವ ಚಕ್ರ ಎಳೆ ಎಳೆಯುತ್ತದೆ, ಇಲ್ಲಿ ವಿದ್ಯುತ್ತು ಎಳೆಯುತ್ತದೆ. ದ್ರಾವಣವನ್ನು ಸಿರಿಂಜಿನಲ್ಲಿ ತುಂಬಿ, ಸೂಜಿಗೆ ಹತ್ತಿಪ್ಪತ್ತು ಸಾವಿರ ವೋಲ್ಟ್ ಕೊಡುತ್ತಾರೆ. ನಮ್ಮ ಮನೆಯ ಕರೆಂಟು 230 ವೋಲ್ಟ್ ಅಷ್ಟೆ! ಸೂಜಿಯ ತುದಿಯ ಹನಿ ಸೆಳೆತಕ್ಕೆ ಸಿಕ್ಕಿ, ತಲೆಗೂದಲಿಗಿಂತ ನೂರು ಪಟ್ಟು ತೆಳ್ಳಗಿನ ಎಳೆಯಾಗಿ, ದಾರಿಯಲ್ಲೇ ಒಣಗಿ, ಎದುರಿನ ಲೋಹದ ತಟ್ಟೆಯ ಮೇಲೆ ಬಿಳಿ ಹತ್ತಿಯ ಹಾಸಿನಂತೆ ಕೂರುತ್ತದೆ.

ಈ ಹಾಸು ಮೆತ್ತಗೆ. ಅದಕ್ಕೆ ಗಟ್ಟಿತನ ಕೊಡಲು ಗ್ರಾಫೀನ್ ಬೆರೆಸುತ್ತಾರೆ. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟಿನ ಒಂದೇ ಒಂದು ಪದರವೇ ಗ್ರಾಫೀನ್. ಗ್ರಾಫೈಟಿಗೆ ಅಂಟುಪಟ್ಟಿ ಅಂಟಿಸಿ ಕಿತ್ತೂ ಕಿತ್ತೂ ಅದನ್ನು 2004ರಲ್ಲಿ ಬೇರ್ಪಡಿಸಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್. 2010ರಲ್ಲಿ ಅವರಿಗೆ ನೊಬೆಲ್ ಬಂತು. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮ ದಾವಣಗೆರೆಗೂ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರಿತ್ತು, ನೆನಪಿದೆಯೇ?

ಗ್ರಾಫೀನ್ ವಿದ್ಯುತ್ತನ್ನೂ ಹರಿಸುತ್ತದೆ. ಮೂಳೆಯ ಮೇಲೆ ಭಾರ ಬಿದ್ದಾಗ ಅದರಲ್ಲಿ ಚೂರು ವಿದ್ಯುತ್ತು ಹುಟ್ಟುತ್ತದೆಂದು 1957ರಲ್ಲೇ ಜಪಾನಿನವರು ತೋರಿಸಿದ್ದರು. ಆದ್ದರಿಂದ ಈ ಗುಣವೂ ಮೂಳೆಯ ಕೋಶಗಳಿಗೆ ನೆರವಾಗಬಹುದೆಂಬ ಆಸೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ ಮತ್ತು ಜೊತೆಗಾರರು ಇದೇ ಪ್ಲಾಸ್ಟಿಕ್‌ಗೆ ಗ್ರಾಫೀನ್ ಬೆರೆಸಿ ನೋಡಿದ್ದಾರೆ. ಗ್ರಾಫೀನನ್ನು ರಾಸಾಯನಿಕವಾಗಿ ಮಾರ್ಪಡಿಸಿ ಸೇರಿಸಿದಾಗ ಮೂಲಕೋಶಗಳು ಮೂಳೆಯ ಕಡೆಗೆ ಚೆನ್ನಾಗಿ ತಿರುಗಿದವು, ಬ್ಯಾಕ್ಟೀರಿಯಾ ಅಂಟುವುದೂ ತಗ್ಗಿತು ಎಂದು 2015ರಲ್ಲಿ ಪ್ರಕಟಿಸಿದರು. ಆಪರೇಷನ್ ಆದ ಜಾಗದಲ್ಲಿ ಕೀವು ಕಂಡು ಗೊತ್ತಿದ್ದವರಿಗೆ ಆ ಎರಡನೆಯದೇ ದೊಡ್ಡ ಸುದ್ದಿ.

ಆದರೆ ಇದೆಲ್ಲ ಪ್ರಯೋಗಾಲಯದ ಮಾತು. ಗ್ರಾಫೀನ್ ಸಾರಿಗೆ ಉಪ್ಪಿದ್ದ ಹಾಗೆ, ಹೆಚ್ಚಾದರೆ ಕೋಶಗಳಿಗೇ ವಿಷ. ಪ್ಲಾಸ್ಟಿಕ್ ಕರಗಿದ ಮೇಲೆ ಅದು ದೇಹದಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂಬುದು ಇನ್ನೂ ತೀರದ ಪ್ರಶ್ನೆ. ಎಳೆಗಳು ತೀರ ಒತ್ತಾಗಿ ಕೂತರೆ ಕೋಶಗಳು ಒಳಗೆ ನುಗ್ಗಲಾರವು. ಹಾಗಾಗಿ ಯಾರಾದರೂ “ಗ್ರಾಫೀನ್ ಮೂಳೆ ಹಾಕಿಸ್ತೀವಿ” ಎಂದು ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ. ದಾನಿಗಳ ಮೂಳೆ, ಕ್ಯಾಲ್ಸಿಯಂ ಫಾಸ್ಫೇಟಿನ ಹರಳು ಇವು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ. ತಮಗೆ ಅವು ಸಾಕೇ, ಸೊಂಟದ ಮೂಳೆಯೇ ಬೇಕೇ ಎಂದು ಆಪರೇಷನ್ನಿಗೆ ಮೊದಲೇ ಡಾಕ್ಟರನ್ನು ಕೇಳಿ. ನಾವು ಕೇಳಲಿಲ್ಲ, ಗಾಬರಿಯಲ್ಲಿ ಸಹಿ ಹಾಕಿಬಿಟ್ಟೆವು.

ಹುಡುಗ ಈಗ ಕೋಲು ಬಿಟ್ಟಿದ್ದಾನೆ. ಹೋದ ವಾರ ಬೆಣ್ಣೆದೋಸೆ ತಿನ್ನಲು ತಾನೇ ನಡೆದುಕೊಂಡು ಹೋಗಿಬಂದ. ಮಳೆಗಾಲ ಬಂದರೆ ಮಾತ್ರ ಸೊಂಟ ಹಿಡಿದುಕೊಂಡು ಕೂರುತ್ತಾನೆ.