ಮೀನು ಬಿಡಿಸಿದ ಒಗಟು

ಮೈ ಕಾಯಬೇಕಾದ ಪಡೆಯೇ ನರಮಂಡಲದ ಮೇಲೆ ಏರಿಹೋಗುವುದೇಕೆ? ಹಾವಿನ ವಿಷ, ವಿದ್ಯುತ್ ಮೀನು ಮತ್ತು ಕೆಲವು ಮೊಲಗಳು ತೋರಿಸಿದ ದಾರಿ ಇಂದು ಮಂಗಳೂರಿನ ಪ್ರಯೋಗಾಲಯದವರೆಗೂ ಬಂದಿದೆ.

ಮೊದಲಿಗೆ ಆಕೆಯ ಮಾತು ಸರಾಗವಾಗಿರುತ್ತಿತ್ತು. ಮಾತಾಡಿದಷ್ಟೂ ನಾಲಿಗೆ ಭಾರವಾಗಿ, ಕೊನೆಗೆ ಒಂದಕ್ಷರವೂ ಹೊರಡುತ್ತಿರಲಿಲ್ಲ. ಒಂದೆರಡು ಗಂಟೆ ಸುಮ್ಮನಿದ್ದರೆ ಮಾತು ಮರಳುತ್ತಿತ್ತು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲಿ ಈ ಹೆಂಗಸಿನ ವಿಷಯ ಬರೆಯುತ್ತ, ಆಕೆ ಮೀನಿನಂತೆ ಮೂಕಿಯಾಗುತ್ತಿದ್ದಳೆಂದು ಹೋಲಿಕೆ ಕೊಟ್ಟ. ಮುನ್ನೂರು ವರ್ಷ ಕಳೆದ ಮೇಲೆ ಆ ಕಾಯಿಲೆಯ ಗುಟ್ಟು ಬಿಟ್ಟುಕೊಟ್ಟದ್ದೂ ಒಂದು ಮೀನೇ.

ಕಾಯಿಲೆಯ ಹೆಸರು ಮಯಸ್ತೇನಿಯಾ ಗ್ರೇವಿಸ್. ಸಂಜೆಯ ಹೊತ್ತಿಗೆ ರೆಪ್ಪೆ ಜೋತುಬೀಳುತ್ತದೆ, ಒಂದು ದೀಪ ಎರಡಾಗಿ ಕಾಣುತ್ತದೆ, ತುತ್ತು ಅಗಿಯುತ್ತಿದ್ದಂತೆಯೇ ದವಡೆ ಸೋಲುತ್ತದೆ. ಉಸಿರಾಟದ ಸ್ನಾಯುಗಳಿಗೂ ತಟ್ಟಿದರೆ ಜೀವಕ್ಕೇ ಸಂಚಕಾರ. 1980ರ ದಶಕದಲ್ಲಿ ನಟ ಅಮಿತಾಭ್ ಬಚ್ಚನ್ ಇದಕ್ಕೆ ತುತ್ತಾದಾಗ ನಮ್ಮಲ್ಲಿ ಬಹಳ ಮಂದಿ ಈ ಹೆಸರು ಕೇಳಿದ್ದು.

ಗ್ರೀನಿಚ್‌ನ ಸೂಜಿ

1934. ಲಂಡನ್ನಿನ ಗ್ರೀನಿಚ್‌ನಲ್ಲಿದ್ದ ಸೇಂಟ್ ಆಲ್ಫೀಜ್ ಆಸ್ಪತ್ರೆಯಲ್ಲಿ ಮೇರಿ ವಾಕರ್ ಎಂಬ ವೈದ್ಯೆ ಒಂದು ಸಂಗತಿ ಗಮನಿಸಿದರು. ಈ ರೋಗಿಗಳ ಸ್ಥಿತಿ, ಬಾಣದ ತುದಿಗೆ ಸವರುವ ಕ್ಯುರಾರೆ ವಿಷ ಏರಿದವರಂತೆಯೇ ಇದೆಯಲ್ಲ! ಹಾಗಾದರೆ ಆ ವಿಷಕ್ಕೆ ಕೊಡುವ ಮದ್ದನ್ನೇ ಇವರಿಗೂ ಕೊಟ್ಟರೆ? ಫೈಸೊಸ್ಟಿಗ್ಮಿನ್ ಚುಚ್ಚುಮದ್ದು ಕೊಟ್ಟ ಸ್ವಲ್ಪ ಹೊತ್ತಿಗೆಲ್ಲ ಜೋತ ರೆಪ್ಪೆ ಮೇಲೆದ್ದಿತು. ಆದರೆ ಕೆಲವೇ ಗಂಟೆಗಳಲ್ಲಿ ಮತ್ತೆ ಇಳಿಯಿತು.

ಕೆಡುಕು ಎಲ್ಲಿದೆ ಎಂಬುದಾದರೂ ಇದರಿಂದ ಗೊತ್ತಾಯಿತು. ನರದ ತುದಿಗೂ ಸ್ನಾಯುವಿಗೂ ನಡುವೆ ಸೂಕ್ಷ್ಮವಾದ ಒಂದು ಸಂದು. ನರವು ಅಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಸುರಿಸುತ್ತದೆ. ಸ್ನಾಯುವಿನ ಮೇಲಿನ ಗ್ರಾಹಕಗಳು ಅದನ್ನು ಹಿಡಿದರಷ್ಟೇ ಸ್ನಾಯು ಅಲುಗುತ್ತದೆ. ವಾಕರ್ ಅವರ ಮದ್ದು ಆ ರಾಸಾಯನಿಕ ಬೇಗ ಕರಗದಂತೆ ತಡೆದಿತ್ತು. ಸುರಿಸುವ ನರ ಕೆಟ್ಟಿದೆಯೋ, ಹಿಡಿಯುವ ಗ್ರಾಹಕವೋ? ಗ್ಲಾಸ್ಗೋದ ಜಾನ್ ಸಿಂಪ್ಸನ್ 1960ರಲ್ಲಿ ಬೇರೆಯೇ ಮಾತು ಹೇಳಿದರು: ಮೈ ಕಾಯಬೇಕಾದ ಪ್ರತಿಕಾಯಗಳೇ ಇಲ್ಲಿ ದಾಳಿ ಮಾಡುತ್ತಿರಬಹುದು. ಊಹೆ ಚೆನ್ನಾಗಿತ್ತು, ಪುರಾವೆ ಇರಲಿಲ್ಲ.

ಹಾವು, ಮೀನು, ಮೊಲ

ಕಟ್ಟುಹಾವು ಕಚ್ಚಿದವರ ರೆಪ್ಪೆ ಜೋತುಬೀಳುವುದನ್ನು ನಮ್ಮ ಹಳ್ಳಿಗಳಲ್ಲಿ ಕಂಡವರಿದ್ದಾರೆ. ಆ ಹಾವಿನ ಬಳಗದ್ದೇ ಒಂದು ಜಾತಿ ತೈವಾನಿನಲ್ಲಿದೆ. 1963ರಲ್ಲಿ ಅಲ್ಲಿನ ವಿಜ್ಞಾನಿಗಳಾದ ಚಾಂಗ್ ಮತ್ತು ಲೀ ಅದರ ವಿಷದಿಂದ ಒಂದು ಅಂಶವನ್ನು ಬೇರ್ಪಡಿಸಿದರು. ಅಸಿಟೈಲ್‌ಕೋಲಿನ್ ಗ್ರಾಹಕ ಸಿಕ್ಕಿದರೆ ಅದು ಉಡದ ಪಟ್ಟು ಹಾಕುತ್ತದೆ. ಕಣ್ಣಿಗೆ ಕಾಣದ ಗ್ರಾಹಕವನ್ನು ಹುಡುಕಲು, ಎಣಿಸಲು ಇದಕ್ಕಿಂತ ಒಳ್ಳೆಯ ಸಾಧನ ಬೇಕೆ?

ಇನ್ನು ಬೇಕಿದ್ದದ್ದು ಗ್ರಾಹಕಗಳ ರಾಶಿ. ಅದು ಸಿಕ್ಕಿದ್ದು ದಕ್ಷಿಣ ಅಮೆರಿಕದ ವಿದ್ಯುತ್ ಈಲ್ ಮೀನಿನಲ್ಲಿ. ಅದರ ವಿದ್ಯುತ್ ಅಂಗ ಸ್ನಾಯುವಿನದೇ ಮಾರ್ಪಾಡು. ಅದರ ತುಂಬ ಇವೇ ಗ್ರಾಹಕಗಳು. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ಅವುಗಳನ್ನು ಶುದ್ಧೀಕರಿಸಿ ಮೊಲಗಳಿಗೆ ಚುಚ್ಚಿದರು. ಅವರಿಗೆ ಬೇಕಿದ್ದದ್ದು ಮುಂದಿನ ಪ್ರಯೋಗಗಳಿಗೆ ಪ್ರತಿಕಾಯ, ಅಷ್ಟೇ. ಆದರೆ ಕೆಲವು ವಾರಗಳಲ್ಲಿ ಮೊಲಗಳು ಕತ್ತೆತ್ತಲಾರದೆ ಮುದುಡಿ ಬಿದ್ದವು. ಮಯಸ್ತೇನಿಯಾ ರೋಗಿಗಳಿಗೆ ಕೊಡುವ ಬಗೆಯ ಮದ್ದು ಕೊಟ್ಟಾಗ ಚೇತರಿಸಿಕೊಂಡವು. ಮೀನಿನ ಗ್ರಾಹಕದ ವಿರುದ್ಧ ಹುಟ್ಟಿದ ಪ್ರತಿಕಾಯ, ಮೊಲದ ಸ್ವಂತ ಗ್ರಾಹಕವನ್ನೂ ಬಿಟ್ಟಿರಲಿಲ್ಲ.

ಇದು 1973ರ ಮಾತು. ಅದೇ ವರ್ಷ ಡೇನಿಯಲ್ ಡ್ರಾಕ್‌ಮನ್ ಮತ್ತು ಸಂಗಡಿಗರು ಹಾವಿನ ವಿಷಕ್ಕೆ ವಿಕಿರಣದ ಗುರುತು ಹಚ್ಚಿ ರೋಗಿಗಳ ಸ್ನಾಯುವಿನಲ್ಲಿ ಗ್ರಾಹಕಗಳನ್ನು ಎಣಿಸಿದರು. ಆರೋಗ್ಯವಂತರಲ್ಲಿ ಇರುವುದರ ಮೂರನೆಯ ಒಂದು ಪಾಲೂ ಉಳಿದಿರಲಿಲ್ಲ. 1975ರಲ್ಲಿ ರೋಗಿಗಳ ಪ್ರತಿಕಾಯವನ್ನು ಇಲಿಗಳಿಗೆ ಕೊಟ್ಟಾಗ ಇಲಿಗಳಲ್ಲೂ ಕಾಯಿಲೆಯ ಗುರುತು ಕಂಡಿತು. ಮರುವರ್ಷವೇ ರಕ್ತಪರೀಕ್ಷೆ ಬಂತು. ರಕ್ತದಿಂದ ಪ್ರತಿಕಾಯಗಳನ್ನು ಸೋಸಿ ತೆಗೆಯುವ ಪ್ಲಾಸ್ಮಾ ಬದಲಾವಣೆಯ ಚಿಕಿತ್ಸೆಯೂ ಬಂತು.

ಮೇಯ್ದದ್ದು ಯಾವ ಬೆಳೆ?

ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ತಿಳಿದರೆ ಸಾಲದು, ಯಾವ ಸಾಲಿನ ಯಾವ ಬೆಳೆಯನ್ನು ಎಂದು ತಿಳಿಯಬೇಕು. ಆ ಮೊಲಗಳು ಕಲಿಸಿದ ಪಾಠ ಇಷ್ಟೇ. ಅದನ್ನು ಮುಂದೆ ಒಯ್ದವರಲ್ಲಿ ಒಬ್ಬರು, ಸಾಲ್ಕ್‌ನಲ್ಲಿ ಲಿಂಡ್‌ಸ್ಟ್ರಾಮ್ ಜೊತೆ ದುಡಿದಿದ್ದ ವಾಂಡಾ ಲೆನನ್.

ಕಣ್ಣಿನ ನರ ಮತ್ತು ಬೆನ್ನುಹುರಿಯನ್ನು ಕೆಡಿಸುವ ನ್ಯೂರೋಮಯಲೈಟಿಸ್ ಆಪ್ಟಿಕಾವನ್ನು ಬಹುಕಾಲ, ನರಗಳ ಹೊದಿಕೆ ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನದೇ ಒಂದು ರೂಪವೆಂದು ಎಣಿಸಲಾಗಿತ್ತು. ಮೇಯೊ ಕ್ಲಿನಿಕ್‌ನಲ್ಲಿ ಲೆನನ್ ಮತ್ತು ಸಂಗಡಿಗರು 2004ರಲ್ಲಿ ಇದಕ್ಕೆ ಪ್ರತ್ಯೇಕ ಪ್ರತಿಕಾಯ ಇರುವುದನ್ನು ತೋರಿಸಿದರು. ಮರುವರ್ಷ ಅದರ ಗುರಿಯೂ ಸಿಕ್ಕಿತು. ಅದು ಆಕ್ವಾಪೊರಿನ್-4, ಜೀವಕೋಶಕ್ಕೆ ನೀರು ಹಾಯುವ ಬಾಗಿಲು. ಇದು ಬರೀ ಹೆಸರಿನ ಜಗಳವಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಇಂಟರ್‌ಫೆರಾನ್ ಈ ರೋಗಿಗಳ ಸ್ಥಿತಿಯನ್ನು ಇನ್ನಷ್ಟು ಹದಗೆಡಿಸಬಲ್ಲದು.

2007ರಲ್ಲಿ ಜೋಸೆಪ್ ಡಾಲ್ಮೌ ತಂಡ ಹನ್ನೆರಡು ಮಹಿಳೆಯರ ಕಥೆ ಮುಂದಿಟ್ಟಿತು. ಭ್ರಮೆ, ಅಸಂಬದ್ಧ ಮಾತು, ಫಿಟ್ಸ್, ಪ್ರಜ್ಞೆ ತಪ್ಪುವುದು. ನೋಡಿದವರು ಹುಚ್ಚು ಎನ್ನುವಂಥ, ನಮ್ಮಲ್ಲಾದರೆ ದೆವ್ವ ಮೆಟ್ಟಿದೆ ಎನ್ನುವಂಥ ಲಕ್ಷಣಗಳು. ಇವರ ಪ್ರತಿಕಾಯ ಮಿದುಳಿನ ಎನ್‌ಎಂಡಿಎ ಗ್ರಾಹಕಗಳ ಮೇಲೆರಗಿತ್ತು. ಬಹುತೇಕರ ಅಂಡಾಶಯದಲ್ಲಿ ಗಡ್ಡೆ ಇತ್ತು. ಗಡ್ಡೆ ತೆಗೆದು, ಪ್ರತಿಕಾಯ ತಗ್ಗಿಸಿದರೆ ಹೆಚ್ಚಿನವರು ಮತ್ತೆ ತಾವಾಗಿಯೇ ಮನೆಗೆ ಮರಳುತ್ತಾರೆ.

ಮಂಗಳೂರಿನ ಲೆಕ್ಕ

ಇಂಥ ಕಾಯಿಲೆಗಳು ನಮ್ಮಲ್ಲಿ ಎಷ್ಟಿವೆ? ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ನರರೋಗತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ನರಗಳ ಹೊದಿಕೆ ಕೆಡುವ ಕಾಯಿಲೆಗಳಿಗಾಗಿ ರೋಗಿಗಳ ದಾಖಲೆ ಪುಸ್ತಕವೊಂದನ್ನು ವರ್ಷಗಳಿಂದ ಕಟ್ಟುತ್ತ ಬಂದಿದ್ದಾರೆ. ಪ್ರತಿಕಾಯ ಪತ್ತೆಹಚ್ಚುವ ಪರೀಕ್ಷೆಯನ್ನೂ ತಮ್ಮ ಪ್ರಯೋಗಾಲಯದಲ್ಲೇ ರೂಪಿಸಿಕೊಂಡಿದ್ದಾರೆ. ಗುರಿ ಯಾವುದೆಂದು ಅಮೆರಿಕದಲ್ಲಿ ಗೊತ್ತಾದರೆ ಸಾಕೆ? ಅದನ್ನು ಕಂಡುಹಿಡಿಯುವ ಪರೀಕ್ಷೆ ಇಲ್ಲಿಯ ರೋಗಿಗೆ ಕೈಗೆಟಕಬೇಕಲ್ಲ.

ಬೆಳೆಗೂ ಕಳೆಗೂ ಒಂದೇ ಕುಡುಗೋಲು

ಔಷಧಗಳೂ ಈಗ ಬದಲಾಗುತ್ತಿವೆ. ಸ್ಟೀರಾಯ್ಡ್ ಇಡೀ ರೋಗನಿರೋಧಕ ಪಡೆಯನ್ನೇ ಮಲಗಿಸುತ್ತದೆ. ಅಮೆರಿಕದಲ್ಲಿ 2021ರ ಕೊನೆಗೆ ಒಪ್ಪಿಗೆ ಪಡೆದ ಎಫ್ಗಾರ್ಟಿಜಿಮಾಡ್, ಐಜಿಜಿ ಎಂಬ ಬಗೆಯ ಪ್ರತಿಕಾಯಗಳು ರಕ್ತದಲ್ಲಿ ಬಹುಕಾಲ ಉಳಿಯದಂತೆ ಮಾಡುತ್ತದೆ. ಅದರಲ್ಲೂ ಒಂದು ತೊಡಕು: ತಪ್ಪು ಮಾಡಿದವುಗಳ ಜೊತೆ ಕಾಯುವ ಪ್ರತಿಕಾಯಗಳೂ ಹೋಗುತ್ತವೆ. ಅದಕ್ಕೆಂದೇ ಸಂಶೋಧಕರು, ದಾಳಿಗೊಳಗಾಗುವ ಅಣುವನ್ನೇ ಗಾಳದ ಹುಳುವಿನಂತೆ ತೋರಿಸಿ ತಪ್ಪು ಪ್ರತಿಕಾಯ ಹುಟ್ಟಿಸುವ ಕೋಶಗಳನ್ನಷ್ಟೇ ಹಿಡಿದು ಕೊಲ್ಲುವ ಜೀವಕೋಶಗಳನ್ನು ರೂಪಿಸುತ್ತಿದ್ದಾರೆ. ಗುರಿ ಗೊತ್ತಿರುವ ಕಾಯಿಲೆಗೆ ಮಾತ್ರ ಈ ಗಾಳ ಹಾಕಲು ಸಾಧ್ಯ.

ಮಲ್ಟಿಪಲ್ ಸ್ಕ್ಲೆರೋಸಿಸ್ ಸಿಕ್ಕಿಕೊಂಡಿರುವುದು ಇಲ್ಲಿಯೇ. ಒಂದು ಕೋಟಿಗೂ ಹೆಚ್ಚು ಅಮೆರಿಕನ್ ಸೇನಾ ಸಿಬ್ಬಂದಿಯ ದಾಖಲೆ ಜಾಲಾಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಎಪ್‌ಸ್ಟೀನ್-ಬಾರ್ ವೈರಸ್ ತಗುಲಿದ ಮೇಲೆ ಈ ಕಾಯಿಲೆಯ ಸಂಭವ 32 ಪಟ್ಟು ಏರುತ್ತದೆಂದು ಅದು ತೋರಿಸಿತು. ಆದರೆ ಆ ವೈರಸ್ ಬಹುಪಾಲು ಜನರ ಮೈಯಲ್ಲಿದೆ, ಕಾಯಿಲೆ ಬರುವುದು ಕೆಲವರಿಗಷ್ಟೇ. ಕಿಡಿ ಹಚ್ಚಿದವರ ಸುಳಿವು ಸಿಕ್ಕಿದೆ; ದಾಳಿಯ ಗುರಿ ಇದೇ ಎಂದು ಎಲ್ಲರೂ ಒಪ್ಪುವ ಒಂದು ಅಣು ಸಿಕ್ಕಿಲ್ಲ. ಆ ಕಾಯಿಲೆ ಇನ್ನೂ ತನ್ನ ಮೀನಿಗಾಗಿ ಕಾಯುತ್ತಿದೆ.