ಅಪ್‌ಡೇಟ್ ಆದ ಮೇಲೆ ವರ್ಚುವಲ್ ಮಷೀನ್‌ಗೆ ನೆಟ್ ಏಕಿಲ್ಲ?

ಪ್ರಶ್ನೆ: ಲಿನಕ್ಸ್ ಅಪ್‌ಡೇಟ್ ಮಾಡಿದ ಮೇಲೆ ಕಂಪ್ಯೂಟರ್‌ಗೆ ಇಂಟರ್ನೆಟ್ ಬರುತ್ತಿದೆ. ವರ್ಚುವಲ್‌ಬಾಕ್ಸ್ ಒಳಗಿನ ಮಷೀನ್‌ಗೆ ಮಾತ್ರ ಬರುತ್ತಿಲ್ಲ. ಕಾರಣವೇನು?

ಉತ್ತರ: ತಪ್ಪು ಹೆಚ್ಚಾಗಿ ಒಳಗಿನ ಮಷೀನ್‌ನದಲ್ಲ, ಹೊರಗಿನ ಕಂಪ್ಯೂಟರ್‌ನದು. ವರ್ಚುವಲ್‌ಬಾಕ್ಸ್ ತನ್ನ ಕೆಲವು ಮಾಡ್ಯೂಲ್‌ಗಳನ್ನು ಲಿನಕ್ಸ್‌ನ ಕರ್ನಲ್‌ಗೆ ಜೋಡಿಸಿಯೇ ಕೆಲಸ ಮಾಡುತ್ತದೆ. ಕರ್ನಲ್ ಬದಲಾದರೆ ಅವನ್ನು ಹೊಸದಕ್ಕೆ ತಕ್ಕಂತೆ ಮತ್ತೆ ಕಟ್ಟಬೇಕು. ಹೊಸ ಕರ್ನಲ್‌ನ ಹೆಡರ್ ಫೈಲ್‌ಗಳು ಇಲ್ಲದಿದ್ದರೆ ಅದು ಆಗುವುದಿಲ್ಲ. ಸೆಕ್ಯೂರ್ ಬೂಟ್ ಆನ್ ಇದ್ದರಂತೂ ಸಹಿ ಇಲ್ಲದ ಮಾಡ್ಯೂಲ್‌ಗಳನ್ನು ಕರ್ನಲ್ ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಮೊದಲು ಮಾಡಬೇಕಾದ ಪರೀಕ್ಷೆ ಬಹಳ ಸುಲಭ. ಮಷೀನ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ 'ಬ್ರಿಡ್ಜ್ಡ್' ಬದಲು 'ನ್ಯಾಟ್' ಆರಿಸಿ. ಆಗ ನೆಟ್ ಬಂದರೆ ತೊಡಕು ಬ್ರಿಡ್ಜ್‌ನಲ್ಲಿದೆ ಎಂದಾಯಿತು. ಅಪ್‌ಡೇಟ್ ಆದಾಗ ನೆಟ್‌ವರ್ಕ್ ಕಾರ್ಡಿನ ಹೆಸರೇ ಬದಲಾಗುವುದುಂಟು. ನಿನ್ನೆಯ 'ಇಎನ್‌ಪಿ3ಎಸ್0' ಇಂದು 'ಇಎನ್‌ಪಿ4ಎಸ್0' ಆಗಿರಬಹುದು. ಬ್ರಿಡ್ಜ್ ಹಳೆಯ ಹೆಸರನ್ನೇ ಹುಡುಕುತ್ತಿರುತ್ತದೆ. ಪಟ್ಟಿಯಿಂದ ಹೊಸ ಹೆಸರು ಆರಿಸಿದರೆ ಸಾಕು.

ವರ್ಚುವಲ್‌ಬಾಕ್ಸ್ ಕೂಡ ಹೊಸದಾಗಿದ್ದರೆ ಇನ್ನೊಂದು ಸಂಗತಿ ನೋಡಬೇಕು. 2021ರಲ್ಲಿ ಬಂದ 6.1.28ನೇ ಆವೃತ್ತಿಯಿಂದ ಲಿನಕ್ಸ್‌ನಲ್ಲಿ 'ಹೋಸ್ಟ್-ಓನ್ಲಿ' ಜಾಲಕ್ಕೆ 192.168.56.0ಯಿಂದ 192.168.63.255ರವರೆಗಿನ ಐಪಿ ವಿಳಾಸಗಳಷ್ಟೇ ಸಹಜವಾಗಿ ಸಲ್ಲುತ್ತವೆ. ಹಿಂದೆ 10ರಿಂದ ಶುರುವಾಗುವ ವಿಳಾಸ ಕೊಟ್ಟವರಿಗೆ ಏಕಾಏಕಿ ಎರರ್ ಬಂದದ್ದು ಇದರಿಂದಲೇ. ಬೇರೆ ವಿಳಾಸ ಬೇಕೆಂದರೆ ಅದನ್ನು ವರ್ಚುವಲ್‌ಬಾಕ್ಸ್‌ನ ನೆಟ್‌ವರ್ಕ್ ಕಾನ್ಫಿಗರೇಷನ್ ಫೈಲಿನಲ್ಲಿ ಬರೆದಿಡಬೇಕು.

ಇಷ್ಟನ್ನೂ ನೋಡುವ ಮೊದಲೇ ಮಷೀನನ್ನು ದಯವಿಟ್ಟು ಅಳಿಸಬೇಡಿ. ಅದರೊಳಗಿನ ಫೈಲ್‌ಗಳೂ ಜೊತೆಗೇ ಹೋಗುತ್ತವೆ.